ಮಗು ಕೆರೆದುಕೊಳ್ಳದ ಭಾನುವಾರ

ಮಾಧವಿಯ ಮೈ ಅಂಬುಜಮ್ಮನಿಗೆ ಬಾಯಿಪಾಠ. ಯಾವ ಮಡಿಕೆ ಯಾವ ಕಾಲಕ್ಕೆ ಕೆಂಪಾಗುತ್ತದೆ, ಎಲ್ಲಿ ಮೊದಲು ನೀರಾಡುತ್ತದೆ, ಎಲ್ಲಿ ಒಣಗಿ ಹೊಟ್ಟೇಳುತ್ತದೆ, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಮೊಮ್ಮಗಳು ಮೂರು ತಿಂಗಳ ಕೂಸಾಗಿದ್ದಾಗ ಕೆನ್ನೆಯ ಮೇಲೆ ಶುರುವಾದ ಎಕ್ಸಿಮಾ, ಈಗ ಎರಡೂವರೆ ವರ್ಷಕ್ಕೆ, ಮೊಣಕೈ ಒಳಗೆ, ಮಂಡಿಯ ಹಿಂದೆ, ಕತ್ತಿನ ಸುತ್ತ ಬಿಡಾರ ಹೂಡಿತ್ತು. ಸೊಸೆ ಶ್ರೀಪ್ರಿಯಾ ಬೆಳಿಗ್ಗೆ ಎಂಟೂವರೆಗೆ ಬ್ಯಾಂಕಿಗೆ ಹೊರಟರೆ ಮನೆ ಸೇರುವುದು ಸಂಜೆ ಆರೂವರೆಗೆ. ಮಗ ಸುಜಯೀಂದ್ರ ಇನ್ಶೂರೆನ್ಸ್ ಕೆಲಸದ ಮೇಲೆ ತಿಂಗಳಲ್ಲಿ ಅರ್ಧ ಊರೂರು ಸುತ್ತುವವನು. ಯಜಮಾನರು ವಿಷ್ಣುತೀರ್ಥರು ತೀರಿಕೊಂಡು ಆರು ವರ್ಷವಾಗಿತ್ತು. ಹಗಲೆಲ್ಲ ಆ ಮೈ ಕಾಯುವವರು ಅಜ್ಜಿ ಒಬ್ಬರೇ.

ಮದ್ರಾಸಿನ ವಡಪಳನಿಯ ಚರ್ಮದ ಡಾಕ್ಟರು ಹೇಳಿಕೊಟ್ಟ ನೇಮವೇನು ಸಾಮಾನ್ಯದ್ದಲ್ಲ. ಉಗುರುಬೆಚ್ಚಗಿನ ನೀರು, ಐದೇ ನಿಮಿಷದ ಸ್ನಾನ. ಸೋಪು ಬೇಡ, ಕಡಲೆಹಿಟ್ಟು ಬೇಡ. ಟವೆಲಿನಲ್ಲಿ ಉಜ್ಜಬೇಡಿ, ಒತ್ತಿ. ಮೈ ಇನ್ನೂ ಒದ್ದೆ ಇರುವಾಗಲೇ ಬಿಳಿ ಮುಲಾಮು ಧಾರಾಳವಾಗಿ ಬಳಿಯಿರಿ. ಕೆಂಪಾದ ಕಡೆ ಮಾತ್ರ ಸಣ್ಣ ಟ್ಯೂಬಿನ ಸ್ಟೆರಾಯ್ಡು, ಅದೂ ತೆಳ್ಳಗೆ. ಮೈಗೆ ಹತ್ತಿ ಬಟ್ಟೆ, ವಾರಕ್ಕೆರಡು ಸಲ ಉಗುರು ತೆಗೆಯುವುದು, ಮಲಗಿಸುವಾಗ ಎರಡು ಕೈಗೂ ಸಾಕ್ಸು. ಮೊದಮೊದಲು ಅಂಬುಜಮ್ಮ ಇದನ್ನೆಲ್ಲ ಕೇಳಿ ಮೂಗು ಮುರಿದಿದ್ದರು. ಎಣ್ಣೆ ನೀರು ಕಾಣದ ಮಗು ಅದೆಂಥ ಮಗು ಅಂತ, ಸೊಸೆ ಇಲ್ಲದಾಗ ಗೋಪಿಚಂದನ ತೇಯ್ದು ಕೆನ್ನೆಗೆ ಹಚ್ಚಿದ್ದರು. ತಂಪು, ಪವಿತ್ರ, ಅದಕ್ಕಿಂತ ಒಳ್ಳೆಯದು ಏನಿದೆ? ಸಂಜೆಯ ಹೊತ್ತಿಗೆ ಆ ಮಣ್ಣು ಒಣಗಿ ಬಿಗಿದು ಕೆನ್ನೆ ಬಿರಿದು ರಕ್ತ ಬಂದಿತ್ತು. ಅವತ್ತಿನಿಂದ ಡಾಕ್ಟರ ಮಾತು ಒಂದಕ್ಷರ ತಪ್ಪಿಸಿದವರಲ್ಲ.

ನವೆ ಅನ್ನುವುದಕ್ಕೆ ಮಾಧವಿಗೆ ಕನ್ನಡದ ಮಾತೇ ಬಾರದು. "ಅಜ್ಜಿ, ಅರಿಕ್ಕುದು" ಅಂತ ತಮಿಳಿನಲ್ಲೇ ರಾಗ ಎಳೆಯುವಳು. ಹುಟ್ಟಿದಾಗಿನಿಂದ ಕೆರೆದುಕೊಂಡೇ ಬೆಳೆದ ಮಗು ಅದು. ನಿದ್ದೆಯಲ್ಲಿ ಕೆರೆಯುತ್ತಿತ್ತು, ಊಟ ಮಾಡುತ್ತ ಕೆರೆಯುತ್ತಿತ್ತು, ನಗುವಾಗಲೂ ಒಂದು ಕೈ ಕತ್ತಿನ ಮೇಲೇ ಇರುತ್ತಿತ್ತು.

ಎರಡು ಸಾವಿರದ ಒಂದನೇ ಇಸವಿಯ ಮೇ ತಿಂಗಳು. ಮದ್ರಾಸಿನವರು ಕತ್ತಿರಿ ಬಿಸಿಲು ಅನ್ನುವ ದಿನಗಳು. ಬೆವರು ಕಂಡರೆ ಈ ಮೈಗೆ ಆಗದು, ಆ ಊರಿನಲ್ಲಿ ಬೆವರದೆ ಇರಲೂ ಆಗದು. ಬುಧವಾರ ಸ್ನಾನ ಮಾಡಿಸುವಾಗ ಅಂಬುಜಮ್ಮನಿಗೆ ಎಡಗಿವಿಯ ಹಿಂದೆ ಮೂರು ಗುಳ್ಳೆ ಕಂಡವು. ನೆನೆದ ಸಾಬಕ್ಕಿಯ ಹಾಗೆ, ಮೂರೂ ಒಂದೇ ಅಳತೆ, ಒಳಗೆ ನೀರು, ನೆತ್ತಿಯಲ್ಲಿ ಸಣ್ಣ ಕುಳಿ. ಎಕ್ಸಿಮಾ ಹೀಗಿರುವುದಿಲ್ಲ ಅನ್ನುವುದು ಅವರಿಗೆ ಗೊತ್ತು. ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತುಹೋಯಿತು. ಬೆನ್ನಿಗೆ ನೀರು ಹಾಕುವ ಮೊದಲೇ ಮಗುವನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡರು.

ಅಮ್ಮ. ಮೈಮೇಲೆ ಅಮ್ಮ ಬಂದಿದಾಳೆ.

ಈ ಮನೆಯವರು ಮಾಧ್ವರು. ಹರಿಯೊಬ್ಬನೇ ದೊಡ್ಡವನು, ಉಳಿದ ದೇವತೆಗಳೆಲ್ಲ ಅವರವರ ಮೆಟ್ಟಿಲಲ್ಲಿ ಅಂತ ಎದೆ ತಟ್ಟಿ ಹೇಳುವವರು. ಮಾರಿಯಮ್ಮನ ಗುಡಿ ಮುಂದೆ ಹಾದುಹೋಗುವಾಗ ತಲೆ ಕೂಡ ತಿರುಗಿಸರು. ಆದರೆ ಮೂರು ತಲೆಮಾರು ತಮಿಳರ ಬೀದಿಯಲ್ಲಿ ಬಾಳಿದ ಮೇಲೆ, ಮೈಮೇಲೆ ಗುಳ್ಳೆ ಕಂಡ ಗಳಿಗೆಗೆ ಎಲ್ಲ ಮೆಟ್ಟಿಲೂ ಮರೆತುಹೋಗುತ್ತವೆ. ಬಾಗಿಲಿಗೆ ಬೇವು. ಅಡಿಗೆಗೆ ಒಗ್ಗರಣೆ ಇಲ್ಲ. ಮೈಗೆ ನೀರಿಲ್ಲ, ಔಷಧಿ ಇಲ್ಲ, ಡಾಕ್ಟರು ಅಂತೂ ಬೇಡವೇ ಬೇಡ. ಬಂದವಳು ತಾನಾಗಿ ಇಳಿಯಬೇಕು.

ಆದರೆ ಅಂಬುಜಮ್ಮ ಹೆದರಿದ್ದು ಅಮ್ಮನಿಗೆ ಅಲ್ಲ. ಆಸ್ಪತ್ರೆಗೆ. ಅರವತ್ತೆಂಟರಲ್ಲಿ ಅವರ ಚೊಚ್ಚಲ ಮಗಳು ಅನಸೂಯಾಗೆ ಅಮ್ಮ ಬಂದಿತ್ತು, ಮೂರು ವರ್ಷ ತುಂಬಿರಲಿಲ್ಲ. ವಿಷ್ಣುತೀರ್ಥರು ಹಠ ಹಿಡಿದು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಸೂಜಿ ಚುಚ್ಚಿದರು. ಮಧ್ಯಾಹ್ನ ಮಗು ಹೋಯಿತು. "ತಾಯಿ ಮೈಮೇಲಿರುವಾಗ ಸೂಜಿ ಚುಚ್ಚಿಸಿಬಿಟ್ಟೆಯಲ್ಲೇ" ಅಂದ ಅತ್ತೆಯ ಮಾತು ಮೂವತ್ತಮೂರು ವರ್ಷವಾದರೂ ಅಂಬುಜಮ್ಮನ ಕಿವಿ ಬಿಟ್ಟು ಹೋಗಿರಲಿಲ್ಲ. ಸೊಸೆಗೆ ಈ ಗುಳ್ಳೆ ಕಂಡರೆ ಆಟೋ ಹತ್ತಿಸುತ್ತಾಳೆ, ಅಲ್ಲಿ ಸೂಜಿ ಹಿಡಿದುಕೊಂಡು ಕಾದಿರುತ್ತಾರೆ. ಬೇವಿನ ಎಲೆ ಕಟ್ಟಿದರೂ ಗೊತ್ತಾಗಿಬಿಡುತ್ತದೆ. ಹಾಗಾಗಿ ಅಂಬುಜಮ್ಮ ಬೇವೂ ಕಟ್ಟಲಿಲ್ಲ, ಬಾಯೂ ಬಿಡಲಿಲ್ಲ. ಮಗುವಿಗೆ ಕಾಲರ್ ಇರುವ ಫ್ರಾಕು ಹುಡುಕಿ ಹಾಕಿದರು, ಕೂದಲು ಕಿವಿಯ ಮೇಲೆ ಇಳಿಬಿಟ್ಟರು.

"ಸ್ನಾನ ಆಯ್ತಾ ಅತ್ತೆ? ಮುಲಾಮು?" ಸಂಜೆ ಬಂದ ಶ್ರೀಪ್ರಿಯಾ ಚಪ್ಪಲಿ ಬಿಡುತ್ತಲೇ ಕೇಳಿದಳು.

"ಎಲ್ಲ ಆಯ್ತು. ಮಲಗಿದೆ, ಮಾತಾಡಿಸಬೇಡ" ಅಂದರು ಅಂಬುಜಮ್ಮ. ಅಷ್ಟು ಸಲೀಸಾಗಿ ಸುಳ್ಳು ಹೇಳಲು ಬರುತ್ತದೆ ಅಂತ ಅವರಿಗೇ ಗೊತ್ತಿರಲಿಲ್ಲ.

ಗುರುವಾರ ಮೂರಿದ್ದದ್ದು ಕತ್ತಿಗಿಳಿದು ಇಪ್ಪತ್ತಾಯಿತು. ಬಿಳಿ ಮುಲಾಮಿನ ಡಬ್ಬಿಯನ್ನು ಅಂಬುಜಮ್ಮ ಮುಟ್ಟಲಿಲ್ಲ, ಎಳನೀರು ಕುಡಿಸಿದರು, ದೇವರ ಮುಂದೆ ಕೂತು ವಿಷ್ಣು ಸಹಸ್ರನಾಮದ ನಡುವೆ ಯಾರಿಗೂ ಕೇಳದ ಹಾಗೆ "ತಾಯಿ, ತಣ್ಣಗೆ ಇಳಿದು ಹೋಗು" ಅಂತ ಸೇರಿಸಿಕೊಂಡರು. ಶುಕ್ರವಾರ ಮೈ ಸುಟ್ಟಿತು. "ಹಲ್ಲು ಬರ್ತಿದೆ, ಉಷ್ಣ" ಅಂದರು. ದವಡೆ ಹಲ್ಲು ಯಾವಾಗಲೋ ಬಂದಾಗಿತ್ತು. ಸೊಸೆ ಮಗುವನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಬ್ಬ, ತಪ್ಪಿತು ಅಂದುಕೊಂಡರು ಅಂಬುಜಮ್ಮ.

ತಪ್ಪುವುದೆಲ್ಲಿ ಬಂತು. ಶನಿವಾರ ಬ್ಯಾಂಕು ಅರ್ಧ ದಿನ. ಶ್ರೀಪ್ರಿಯಾ ಎರಡೂವರೆಗೆ ಬರುವ ಹೊತ್ತಿಗೆ ಮಗುವಿನ ಮುಖವೇ ಗುರುತು ಸಿಗುತ್ತಿರಲಿಲ್ಲ. ಹಣೆ, ಕೆನ್ನೆ, ಗಲ್ಲ ಎಲ್ಲ ಗುಳ್ಳೆ. ಕೆಲವು ಒಡೆದು ರಕ್ತದ ಹೆಕ್ಕಳೆ ಕಟ್ಟಿದ್ದವು. ಮೇಲಿನ ಮನೆಯ ವೆಂಕಟಲಕ್ಷ್ಮಿ ಮಗುವಿನ ಅಳು ಕೇಳಿ ಇಳಿದು ಬಂದವರು ಬಾಗಿಲಲ್ಲೇ ನಿಂತು ಕೈ ಮುಗಿದರು. "ಅಮ್ಮೈ ಪೋಟ್ಟಿರುಕ್ಕು ಮಾಮಿ," ಅಮ್ಮ ಬಂದಿದಾಳೆ ಅಂದರು, ಡಾಕ್ಟರ ಕಡೆ ತಲೆ ಹಾಕಬೇಡಿ ಅಂತಲೂ ಹೇಳಿದರು. ಹತ್ತು ನಿಮಿಷದಲ್ಲಿ ಬೇವಿನ ಸೊಪ್ಪಿನ ಕಟ್ಟು ಬಾಗಿಲಿಗೆ ಬಂತು, ಮಗುವಿನ ಹಾಸಿಗೆಗೂ ಬಂತು.

"ಅತ್ತೆ, ಒಂದೇ ಒಂದು ಸಲ ತೋರಿಸಿಕೊಂಡು ಬಂದುಬಿಡ್ತೀನಿ" ಅಂದಳು ಶ್ರೀಪ್ರಿಯಾ. "ಸಂಜೆ ಡಾಕ್ಟರು ಕ್ಲಿನಿಕ್ಕಿಗೆ ಬರ್ತಾರೆ."

"ಸೂಜಿ ಚುಚ್ಚಿದರೆ?"

"ಚುಚ್ಚಬೇಡಿ ಅಂತ ನಾನೇ ಹೇಳ್ತೀನಿ."

"ನೀನು ಹೇಳಿದರೆ ಕೇಳ್ತಾರಾ? ನಾನೂ ಹೇಳಿದ್ದೆ ಕಣೇ." ಅಂಬುಜಮ್ಮ ಬಾಗಿಲಿಗೆ ಅಡ್ಡ ನಿಂತರು. "ನಿನ್ನ ಕಾಲು ಹಿಡೀತೀನಿ. ಇವತ್ತು ಬೇಡ."

ಅತ್ತೆ ಕಾಲು ಹಿಡಿಯುತ್ತೇನೆ ಅಂದರೆ ಯಾವ ಸೊಸೆ ಹೊಸಿಲು ದಾಟುತ್ತಾಳೆ? ಶ್ರೀಪ್ರಿಯಾ ಗೋಡೆಗೆ ಒರಗಿ ಕೂತುಬಿಟ್ಟಳು. ಸುಜಯೀಂದ್ರ ಮಧುರೈಯಿಂದ ಫೋನ್ ಮಾಡಿದಾಗ "ಅಮ್ಮ ಬಂದಿದೆ ಅಂತಾರೆ ನಿಮ್ಮಮ್ಮ" ಅಂದಳು. ಅವನು "ಅಮ್ಮನಿಗೆ ಇದೆಲ್ಲ ಗೊತ್ತು, ಅವರು ಹೇಳಿದ ಹಾಗೆ ಮಾಡು, ಸೋಮವಾರ ಬಂದುಬಿಡ್ತೀನಿ" ಅಂದ. ಗಂಡಸರ ಧೈರ್ಯವೇ ಧೈರ್ಯ, ಮಧುರೈಯಲ್ಲಿ ಕೂತಿದ್ದರೆ ಇನ್ನೂ ಹೆಚ್ಚು.

ಭಾನುವಾರ ಬೆಳಿಗ್ಗೆ ಅಂಬುಜಮ್ಮ ತಲೆಗೆ ನೀರು ಹಾಕಿಕೊಂಡು, ಒದ್ದೆ ಮಡಿಸೀರೆಯಲ್ಲೇ ಮಗುವಿನ ಹತ್ತಿರ ಬಂದರು. ಮನೆ ಅಷ್ಟು ನಿಶ್ಶಬ್ದವಾಗಿದ್ದದ್ದೇ ಅವರಿಗೆ ಮೊದಲು ಸರಿಕಾಣಲಿಲ್ಲ. ಮಾಧವಿ ಅಂಗಾತ ಮಲಗಿದ್ದಳು. ಬಲಗಣ್ಣು ಊದಿ ಪೂರ್ತಿ ಮುಚ್ಚಿಹೋಗಿತ್ತು, ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಗುಳ್ಳೆ. ಸಾಕ್ಸು ಹಾಕಿದ ಎರಡು ಕೈಯೂ ಪಕ್ಕದಲ್ಲಿ ಬಿದ್ದಿದ್ದವು.

ಕೈ ಆಡುತ್ತಿಲ್ಲ.

ಅಂಬುಜಮ್ಮ ಕೂತು ಸಾಕ್ಸು ಬಿಚ್ಚಿದರು. ಬಿಚ್ಚಿದ ಕೂಡಲೇ ಕತ್ತಿಗೆ ಹಾರುವ ಬೆರಳು ಅವು. ಹಾರಲಿಲ್ಲ. "ಅರಿಕ್ಕುದಾ ಪುಟ್ಟಿ?" ಅಂತ ಅವರೇ ತಮಿಳಿನಲ್ಲಿ ಕೇಳಿದರು. ಮಗು ಒಂದು ಕಣ್ಣಿನಲ್ಲಿ ಸೂರು ನೋಡುತ್ತಿತ್ತು. ಮಂಡಿಯ ಹಿಂದೆ ತಾವೇ ಮೆಲ್ಲಗೆ ಬೆರಳಾಡಿಸಿದರು. ಬೇರೆ ದಿನವಾದರೆ ಇನ್ನೂ, ಇನ್ನೂ ಅಂತ ಕಾಲು ಒಡ್ಡುವ ಮಗು, ಕಾಲು ಯಾರದೋ ಅನ್ನುವ ಹಾಗೆ ಬಿಟ್ಟುಕೊಂಡಿತ್ತು. ಎರಡೂವರೆ ವರ್ಷದಲ್ಲಿ, ದೇವರೇ ಈ ಕೆರೆತ ಒಂದು ದಿನ ನಿಲ್ಲಿಸು ಅಂತ ಅವರು ಬೇಡಿಕೊಳ್ಳದ ದಿನವಿರಲಿಲ್ಲ. ಈಗ ಅದು ನಿಂತಿತ್ತು. ಅದನ್ನು ಕಂಡು ಅವರ ಜೀವ ಬಾಯಿಗೆ ಬಂತು.

ಆಗ ಅವರಿಗೆ ನೆನಪಾಯಿತು. ನೆನಪಾಯಿತು ಅನ್ನುವುದೂ ಸುಳ್ಳು, ಅದು ಒಳಗೇ ಇತ್ತು, ಮೂವತ್ತಮೂರು ವರ್ಷ ಅದರ ಮೇಲೆ ಅವರೇ ಕೂತಿದ್ದರು. ಅನಸೂಯಾ ಕೂಡ ಹೀಗೇ ಸುಮ್ಮನಾಗಿದ್ದಳು. ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ, ಇದೇ ಥರ ಬೇವಿನ ಸೊಪ್ಪಿನ ಮೇಲೆ, ರಿಕ್ಷಾ ಬರುವ ಹಿಂದಿನ ದಿನವೇ ಅಳು ನಿಲ್ಲಿಸಿ ಸೂರು ನೋಡುತ್ತ ಮಲಗಿದ್ದಳು. ತಾಯಿ ತಣ್ಣಗಾಗಿದಾಳೆ ಅಂತ ಅತ್ತೆ ಹೇಳಿದ್ದರು, ಇವರೂ ನಂಬಿದ್ದರು. ಸೂಜಿ ಚುಚ್ಚಿದ್ದು ಅದಾದ ಮಾರನೇ ದಿನ. ಯಾವುದು ಮೊದಲು, ಯಾವುದು ಆಮೇಲೆ ಅಂತ ಇಷ್ಟು ವರ್ಷ ಒಂದು ಸಲವೂ ಎಣಿಸಿ ನೋಡಲಿಲ್ಲವಲ್ಲ ತಾನು.

"ಶ್ರೀಪ್ರಿಯಾ, ಏಳು. ಆಟೋ ಕರಿ."

ಗೋಡೆಗೊರಗಿ ತೂಕಡಿಸುತ್ತಿದ್ದ ಶ್ರೀಪ್ರಿಯಾ ಬೆಚ್ಚಿ ಎದ್ದು ಅತ್ತೆಯ ಮುಖ ನೋಡಿದಳು.

"ನನ್ನ ಮುಖ ಏನು ನೋಡ್ತೀಯ, ಓಡು. ಪೋರೂರು ಆಸ್ಪತ್ರೆಗೆ ಅನ್ನು. ಎಷ್ಟು ಕೇಳಿದರೂ ಕೊಡು."

ಮಡಿಸೀರೆಯಲ್ಲಿ ಬೀದಿಗೆ ಇಳಿಯದ ಹೆಂಗಸು ಒದ್ದೆ ಸೆರಗು ತೊಟ್ಟಿಕ್ಕಿಸುತ್ತ ಆಟೋ ಹತ್ತಿದರು. ವೆಂಕಟಲಕ್ಷ್ಮಿ ಮೇಲಿನಿಂದ ಬಗ್ಗಿ ಏನೋ ಕೂಗಿದ್ದು ಕೇಳಿಸಿತು, ಅದಕ್ಕೆ ಉತ್ತರ ಕೊಡಲಿಲ್ಲ. ದಾರಿಯುದ್ದಕ್ಕೂ ಮಗುವಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದರು. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಪ್ರತಿ ಸಲ ಇಳಿದಾಗಲೂ ಇನ್ನು ಏಳುತ್ತದೋ ಇಲ್ಲವೋ ಅಂತ ಇವರ ಉಸಿರು ನಿಲ್ಲುತ್ತಿತ್ತು.

ಆಸ್ಪತ್ರೆಯಲ್ಲಿ ನೋಡಿದವರು ಮೂವತ್ತು ದಾಟದ ಒಬ್ಬ ಡಾಕ್ಟರಮ್ಮ. ಬಟ್ಟೆ ಬಿಚ್ಚಿಸಿ ತಲೆಯಿಂದ ಕಾಲಿನವರೆಗೆ ನೋಡಿದರು. "ಮಗುವಿಗೆ ಮೊದಲಿನಿಂದ ಎಕ್ಸಿಮಾ ಇದೆಯಾ?" ಅಂದರು ತಮಿಳಿನಲ್ಲಿ. ಶ್ರೀಪ್ರಿಯಾ ತಲೆಯಾಡಿಸಿದಳು.

"ಈ ಗುಳ್ಳೆ ಯಾವಾಗ ಶುರುವಾಯ್ತು?"

"ನಿನ್ನೆ" ಅಂದಳು ಶ್ರೀಪ್ರಿಯಾ.

ಡಾಕ್ಟರಮ್ಮ ಬರೆಯಲು ಹೋದವರು ಪೆನ್ನು ನಿಲ್ಲಿಸಿ ಕಿವಿಯ ಹಿಂದೆ ಇನ್ನೊಂದು ಸಲ ಬೆಳಕು ಹಾಯಿಸಿದರು. "ಇದು ಒಂದು ದಿನದ ಹೆಕ್ಕಳೆ ಅಲ್ಲಮ್ಮ. ಸರಿಯಾಗಿ ಹೇಳಿ. ಎಷ್ಟು ದಿನದಿಂದ ಹರಡ್ತಿದೆ ಅನ್ನೋದರ ಮೇಲೆ ನಾನು ಮುಂದಿನದು ನೋಡಬೇಕು. ಕಣ್ಣಿದೆ, ತಲೆಗೆ ಏರುವ ಭಯ ಇದೆ."

ಶ್ರೀಪ್ರಿಯಾ ಮಗುವಿನ ಬಿಚ್ಚಿದ ಬಟ್ಟೆ ಮಡಿಸತೊಡಗಿದಳು. ಅಂಬುಜಮ್ಮನಿಗೆ ಆ ಗಳಿಗೆಯಲ್ಲಿ ಎಲ್ಲವೂ ನಿಚ್ಚಳವಾಗಿ ಕಂಡಿತು. ಪಾಪ, ಸೊಸೆಗೆ ನಿನ್ನೆಯೇ ಗೊತ್ತಾದದ್ದು. ನಿಜ ಗೊತ್ತಿರುವುದು ತನಗೊಬ್ಬಳಿಗೆ. ಹೇಳಿದರೆ ಇವತ್ತಿನಿಂದ ಈ ಮಗುವನ್ನು ತನ್ನ ಕೈಗೆ ಯಾರು ಕೊಡುತ್ತಾರೆ? ಕ್ರೆಷ್‌ಗೆ ಬಿಡುತ್ತಾರೆ. ಮಗ ಮುಖ ತಿರುಗಿಸುತ್ತಾನೆ. ಆಮೇಲೆ ಆ ಮನೆಯಲ್ಲಿ ತಾನು ಯಾತಕ್ಕೆ?

"ಬುಧವಾರ" ಅಂದರು. "ಬುಧವಾರ ಬೆಳಿಗ್ಗೆ ಮೂರು ಇತ್ತು. ನಾನು ನೋಡಿದೆ. ಯಾರಿಗೂ ಹೇಳಲಿಲ್ಲ. ಜ್ವರ ಶುಕ್ರವಾರದಿಂದ. ಸ್ನಾನ ಮಾಡಿಸಿಲ್ಲ, ಮುಲಾಮು ಹಚ್ಚಿಲ್ಲ. ಇವಳಿಗೆ ಎಲ್ಲ ಆಯ್ತು ಅಂತ ಸುಳ್ಳು ಹೇಳಿದೆ."

ಬೈಯುತ್ತಾರೆ ಅಂತ ಕಾದರು. ಬೈಯಲು ಡಾಕ್ಟರಮ್ಮನಿಗೆ ಪುರಸೊತ್ತಿರಲಿಲ್ಲ. ಐದು ದಿನ ಅಂತ ಬರೆದು, ಸಿಸ್ಟರನ್ನು ಕರೆದು ಏನೇನೋ ತರಿಸಿದರು. ಇದು ನೀವು ಅಂದುಕೊಂಡ ಅಮ್ಮ ಅಲ್ಲ ಅಂದರು. ದೊಡ್ಡವರ ತುಟಿಯ ಮೇಲೆ ಜ್ವರದ ಗುಳ್ಳೆ ಏಳುತ್ತದಲ್ಲ, ಅದೇ ವೈರಸ್ಸು. ಯಾರೋ ಮುದ್ದಾಡಿದಾಗ ಅಂಟಿರಬೇಕು. ಬೇರೆ ಮಕ್ಕಳಿಗಾದರೆ ಒಂದೆರಡು ಗುಳ್ಳೆ ಎದ್ದು ಹೋಗುತ್ತದೆ, ಎಕ್ಸಿಮಾ ಇರುವ ಚರ್ಮ ತೆರೆದ ಬಾಗಿಲು, ಒಳಗೆ ನುಗ್ಗಿಬಿಡುತ್ತದೆ. ಔಷಧಿ ಇದೆ, ರಕ್ತಕ್ಕೆ ಹಾಕಬೇಕು, ಈಗಲೇ.

ಕೈಯಲ್ಲಿ ಸೂಜಿ ಸಿಕ್ಕಿಸುವಾಗ ಮಗುವನ್ನು ಹಿಡಿದುಕೊಂಡವರು ಅಂಬುಜಮ್ಮನೇ. ಕಣ್ಣು ಮುಚ್ಚಿಕೊಳ್ಳಲಿಲ್ಲ. ಮೂರನೇ ಸಲಕ್ಕೆ ನರ ಸಿಕ್ಕಿತು.

ಕಣ್ಣಿನ ಡಾಕ್ಟರು ಬಂದು ಹಳದಿ ಬಣ್ಣದ ಹನಿ ಬಿಟ್ಟು, ನೀಲಿ ಬೆಳಕಿನಲ್ಲಿ ರೆಪ್ಪೆ ಬಿಡಿಸಿ ನೋಡಿದರು. ಕರಿಗುಡ್ಡೆಯ ಮೇಲೆ ಇನ್ನೂ ಬಂದಿಲ್ಲ ಅಂದರು. ಎರಡು ದಿನ ಕಳೆಯಬೇಕು, ಹೊಸ ಗುಳ್ಳೆ ಏಳುವುದು ನಿಂತರೆ ಕಣ್ಣಿಗೂ ಜೀವಕ್ಕೂ ಭಯ ಕಮ್ಮಿ, ಒಂದು ಎದ್ದರೂ ತಕ್ಷಣ ಹೇಳಿ ಅಂದು ಹೋದರು.

ಹೊರಗೆ ಬೆಂಚಿನ ಮೇಲೆ ಅತ್ತೆ ಸೊಸೆ ಕೂತರು. ಅಂಬುಜಮ್ಮನ ಸೀರೆ ಮೈಮೇಲೇ ಒಣಗಿತ್ತು. "ಏನನ್ನಬೇಕೋ ಅಂದುಬಿಡು" ಅಂದರು. "ಸುಜಯ ಬಂದ ಮೇಲೆ ಅವನ ಮುಂದೆ ಅನ್ನೋದಾದರೂ ಸರಿ. ನನ್ನ ಕೈಗೆ ಮಗು ಕೊಡಬೇಡ, ನಾನು ಕೇಳೋಲ್ಲ."

ಶ್ರೀಪ್ರಿಯಾ ಅತ್ತೆಯ ಕಡೆ ತಿರುಗಿದಳು.

"ಮಂಗಳವಾರ" ಅಂದಳು.

"ಏನು ಮಂಗಳವಾರ?"

"ಮಂಗಳವಾರ ಮಲಗಿಸುವಾಗ ನಾನು ನೋಡಿದೆ ಅತ್ತೆ. ಬೆನ್ನಿನ ಮೇಲೆ, ಎರಡು. ನಿಮಗೆ ಕಂಡರೆ ಬೇವು ಕಟ್ಟಿ ಎಲ್ಲ ನಿಲ್ಲಿಸಿಬಿಡ್ತೀರಿ ಅಂತ ಭಯ ಆಯ್ತು. ನಮ್ಮ ಡಾಕ್ಟರು ಶನಿವಾರ ಸಂಜೆ ತಾನೆ ಬರೋದು, ಅಲ್ಲಿವರೆಗೆ ಹೇಗೋ ಮುಚ್ಚಿಡೋಣ ಅಂತ, ಎಕ್ಸಿಮಾನೇ ಕೆರಳಿರಬೇಕು ಅಂತ, ದಿನಾ ಬಾಗಿಲು ಹಾಕಿಕೊಂಡು ಸಣ್ಣ ಟ್ಯೂಬು ಬಳಿದೆ. ದಪ್ಪಗೆ ಬಳಿದೆ. ನೀವು ಸ್ನಾನ ಮಾಡಿಸುವಾಗ ಬೆನ್ನು ನೋಡಬಾರದು ದೇವರೇ ಅಂತ ಬ್ಯಾಂಕಿನಲ್ಲಿ ಕೂತು ಬೇಡಿಕೋತಿದ್ದೆ. ನೀವು ಸ್ನಾನವೇ ಮಾಡಿಸ್ತಿಲ್ಲ ಅಂತ ನನಗೇನು ಗೊತ್ತು?"

ಅಂಬುಜಮ್ಮನಿಗೆ ಮೊದಲು ಬಂದದ್ದು ಕೋಪ. ಕಪಾಳಕ್ಕೆ ಬಾರಿಸಬೇಕು ಅನ್ನಿಸುವಷ್ಟು ಕೋಪ. ಆದರೆ ಯಾರ ಕಪಾಳಕ್ಕೆ? ಒಂದೇ ಮನೆ, ಒಂದೇ ಮಗು. ಇವಳು ಬೆನ್ನು ಮುಚ್ಚಿದಳು, ತಾನು ಕತ್ತು ಮುಚ್ಚಿದೆ. ನಡುವೆ ಕೂಸು ಐದು ದಿನ ಬೆಂದಿತು. ಒಬ್ಬರಿಗೊಬ್ಬರು ಹೆದರದೆ ಇದ್ದಿದ್ದರೆ ಬುಧವಾರವೇ ಈ ಬೆಂಚಿನ ಮೇಲೆ ಕೂತಿರುತ್ತಿದ್ದರು.

"ಟ್ಯೂಬಿನ ವಿಷಯ ಡಾಕ್ಟರಿಗೆ ಹೇಳಿದೆಯಾ?"

ಶ್ರೀಪ್ರಿಯಾ ಇಲ್ಲ ಅಂತ ತಲೆಯಾಡಿಸಿದಳು.

"ಏಳು. ಈಗಲೇ ಹೇಳು. ನಾನೂ ಬರ್ತೀನಿ."

ಸೋಮವಾರ ಬೆಳಿಗ್ಗೆ ಸಿಸ್ಟರು ಬೆಚ್ಚನೆ ನೀರಿನ ಬಟ್ಟಲು, ಹತ್ತಿ, ಬಿಳಿ ಮುಲಾಮು ತಂದಿಟ್ಟರು. ವಾರ್ಡಿನಲ್ಲಿ ಒಬ್ಬರೇ ಇರಬೇಕು ಅನ್ನುವ ಕಾನೂನು, ಹೆಕ್ಕಳೆ ನೆನೆಸಿ ತೆಗೆಯಲು ಇಬ್ಬರು ಬೇಕಾಗುತ್ತಾರೆ ಅಂತ ಇಬ್ಬರನ್ನೂ ಬಿಟ್ಟರು. ಜ್ವರ ಒಂದು ಡಿಗ್ರಿ ಇಳಿದಿತ್ತು. ಮಗು ನರಳುತ್ತಿತ್ತು, ನೀರು ಕೇಳಿ ಕುಡಿದಿತ್ತು. ಕಣ್ಣು ಇನ್ನೂ ತೆರೆದಿರಲಿಲ್ಲ. ಒಂದು ಪಕ್ಕ ಶ್ರೀಪ್ರಿಯಾ ಕಾಲು ಒರೆಸುತ್ತಿದ್ದಳು, ಇನ್ನೊಂದು ಪಕ್ಕ ಅಂಬುಜಮ್ಮ ಎಡಗೈ ಎತ್ತಿ ಕಂಕುಳಿನ ಕಡೆ ಹತ್ತಿ ಒತ್ತುತ್ತಿದ್ದರು. ನಿನ್ನೆ ಸಂಜೆಯಿಂದ ಹೊಸದೊಂದೂ ಎದ್ದಿಲ್ಲ ಅಂತ ಸಿಸ್ಟರು ಬರೆದುಕೊಂಡು ಹೋಗಿದ್ದರು. ಶ್ರೀಪ್ರಿಯಾ ಅದನ್ನು ಕೇಳಿ ಮೊದಲನೇ ಸಲ ಅತ್ತಿದ್ದಳು.

ಕಂಕುಳಿನ ಮಡಿಕೆಯಲ್ಲಿ ಒಂದು ಇತ್ತು. ಬಿಗಿಯಾಗಿ, ತಿಳಿ ನೀರು ತುಂಬಿಕೊಂಡು. ನಿನ್ನೆ ಅಲ್ಲಿ ಇರಲಿಲ್ಲ, ಅಂಬುಜಮ್ಮನಿಗೆ ಖಂಡಿತ ಗೊತ್ತು.

ಅವರ ಕೈ, ಅವರನ್ನು ಕೇಳದೆಯೇ, ಹೊದಿಕೆ ಎಳೆದು ಅದರ ಮೇಲೆ ಹಾಕಿತು. ಸೊಸೆ ಈಗಷ್ಟೇ ಅತ್ತು ಹಗುರಾಗಿದಾಳೆ. ಬೆಳಿಗ್ಗೆ ಬೆಳಿಗ್ಗೆ ಯಾಕೆ, ಸ್ವಲ್ಪ ಹೊತ್ತಾದ ಮೇಲೆ ನೋಡೋಣ, ಬೆವರುಸಾಲೆ ಇದ್ದರೂ ಇರಬಹುದು. ಹೊದಿಕೆಯ ಅಂಚು ಹಿಡಿದ ತಮ್ಮ ಬೆರಳುಗಳನ್ನು ಅಂಬುಜಮ್ಮ ನೋಡಿದರು. ಐದು ದಿನದ ಹಿಂದೆ ಫ್ರಾಕಿನ ಕಾಲರು ಎತ್ತಿ ಕೂರಿಸಿದ್ದೂ ಇವೇ.

ಅವರು ಹೊದಿಕೆ ಸರಿಸಿದರು.

"ಶ್ರೀಪ್ರಿಯಾ, ಸಿಸ್ಟರನ್ನು ಕರಿ. ಮೊದಲು ಇಲ್ಲಿ ಬಾ, ನೋಡು. ಇದು ಹೊಸದು."

ಶ್ರೀಪ್ರಿಯಾ ಬಟ್ಟೆ ಕೆಳಗಿಟ್ಟು ಬಂದು, ಅತ್ತೆಯ ಭುಜಕ್ಕೆ ಭುಜ ತಾಗಿಸಿ ಬಗ್ಗಿದಳು. ಅವರಿಬ್ಬರೂ ಒಟ್ಟಿಗೆ ನೋಡಿದ ಮೊದಲ ಗುಳ್ಳೆ ಅದು.